ಗುಪ್ತ ಚಟವೂ ಸಾಧಾರಣ ಉಪಾಯಗಳೂ

ಈ ಸಾರಿ ನಾವು ಬರೆಯುವ ಸಂಗತಿಯು ಕೂಟದಲ್ಲಾಗಲಿ ಮನೆಯ ಪಡಸಾಲೆಯಲ್ಲಾಗಲಿ ಯಾರೂ ಬಾಯಿಬಿಟ್ಟು ಆಡುವಂಥದ್ದಲ್ಲ. ಮೊಬೈಲಿನಲ್ಲಿ ಅಶ್ಲೀಲ ಚಿತ್ರಗಳನ್ನು ಗುಪ್ತವಾಗಿ ನೋಡುವ ಚಟವನ್ನು ಕುರಿತು ಬರೆಯುತ್ತೇವೆ. ಇದು ಪಟ್ಟಣದವರ ರೋಗ, ನಮ್ಮ ಹಳ್ಳಿಗಳಿಗೆ ಸಂಬಂಧಪಟ್ಟದ್ದಲ್ಲ ಎಂದು ಹಿರಿಯರು ಹೇಳಬಹುದು. ಆದರೆ 2016ನೆಯ ಇಸವಿಯ ಸೆಪ್ಟೆಂಬರಿನಲ್ಲಿ ಜಿಯೋ ಬಂದು ಇಂಟರ್ನೆಟ್ಟಿನ ದರವು ಇಳಿದ ಮೇಲೆ, ಹಾವೇರಿಯ ಕಾಲೇಜು ಹುಡುಗನ ಕೈಯಲ್ಲಿರುವದೇ ಬ್ಯಾಡಗಿ ಪೇಟೆಯ ಹಮಾಲನ ಕೈಯಲ್ಲಿಯೂ ರಾಣೆಬೆನ್ನೂರ ಸೀಮೆಯ ಬೀಜದ ಹೊಲಗಳಲ್ಲಿ ದುಡಿಯುವವನ ಕೈಯಲ್ಲಿಯೂ ಇದೆ. 2020ರಲ್ಲಿ ಕೋವಿಡ್ ನಿಮಿತ್ತ ಶಾಲೆಗಳು ಮುಚ್ಚಿದಾಗ, ಪಾಠಕ್ಕೋಸ್ಕರ ಎಷ್ಟೋ ತಂದೆತಾಯಿಗಳು ಸಾಲ ಮಾಡಿ ಮಕ್ಕಳ ಕೈಗೆ ಫೋನು ಕೊಟ್ಟರು. ಪದವಿಯುಳ್ಳವರಿಗೆ ಈ ಬಾಧೆಯಿಲ್ಲವೆಂದೂ ಹೇಳಲಾಗದು. 2012ರ ಫೆಬ್ರವರಿಯಲ್ಲಿ ನಮ್ಮ ರಾಜ್ಯದ ವಿಧಾನಸಭೆಯು ಕೂಡಿದ್ದಾಗಲೇ ಮೊಬೈಲಿನ ಅಶ್ಲೀಲ ದೃಶ್ಯದ ವಿಷಯವಾಗಿ ಆರೋಪ ಬಂದು ಮೂವರು ಮಂತ್ರಿಗಳು ಪದತ್ಯಾಗ ಮಾಡಬೇಕಾಯಿತು.

ಚಟ್ಟ ಏರುವ ತನಕ ಚಟ ಬಿಡದು ಎಂಬ ಗಾದೆಯು ನಮ್ಮಲ್ಲಿ ಉಂಟು. ಇದು ನಿಜವೋ? ನಿಜವಲ್ಲವಾದರೆ ಚಟವು ಬಿಡುವದು ಯಾವದರಿಂದ? ಕಣ್ಣೀರಿನಿಂದಲೋ, ಆಣೆಯಿಂದಲೋ, ಇಲ್ಲವೆ ಫೋನನ್ನು ಅಡಿಗೆಮನೆಯಲ್ಲಿಡುವಂಥ ಸಾಧಾರಣ ಉಪಾಯಗಳಿಂದಲೋ? ಇಂಥ ಉಪಾಯಗಳಿಂದ ಗೆದ್ದವನ ಗೆಲುವು ನಿಜವಾದ ಸದ್ಗುಣವೆನಿಸುವದೋ? ಈ ಪ್ರಶ್ನೆಗಳನ್ನು ನಾವು ಪುಸ್ತಕದಿಂದ ಎತ್ತಿಕೊಂಡವರಲ್ಲ; ನಮ್ಮ ಒಂದು ತಪ್ಪಿನಿಂದ ಕಲಿತವರು.

ಕೆಲವು ವರುಷಗಳ ಹಿಂದೆ ಒಬ್ಬ ಯುವಕನು ಸಂಜೆಯ ಕೂಟವು ಮುಗಿದ ಮೇಲೆ, ಎಲ್ಲರೂ ಹೋಗುವ ತನಕ ಚಾಪೆ ಸುತ್ತುವ ನೆವದಿಂದ ಹಿಂದೆ ನಿಂತನು. ಅವನ ಅಪ್ಪಣೆಯಿಂದಲೇ ಇದನ್ನು ಬರೆಯುತ್ತೇವೆ; ಊರ ಹೆಸರನ್ನು ಹೇಳುವದಿಲ್ಲ. ಅವನು ಮೆಣಸಿನಕಾಯಿಯ ಸುಗ್ಗಿಯಲ್ಲಿ ಬ್ಯಾಡಗಿ ಪೇಟೆಗೆ ಚೀಲ ಹೇರಿಕೊಂಡು ಹೋಗುವ ಒಕ್ಕಲಿಗರ ಮನೆಯವನು. "ಅಯ್ಯನವರೇ, ನಾನು ಕೆಟ್ಟೆನು" ಎಂದು ತಲೆ ತಗ್ಗಿಸಿ ತನ್ನ ಸಂಗತಿಯನ್ನು ತಿಳಿಸಿದನು. ನಾವು ಏನು ಮಾಡಿದೆವು? ಅವನನ್ನು ಗದರಿಸಿದೆವು; ಮೊಣಕಾಲೂರಿಸಿ, ಇನ್ನು ಮೇಲೆ ಎಂದೆಂದಿಗೂ ನೋಡುವದಿಲ್ಲವೆಂದು ಪ್ರತಿಜ್ಞೆ ಮಾಡಿಸಿದೆವು; ನಮ್ಮ ಕರ್ತವ್ಯವು ತೀರಿತೆಂದು ಮನೆಗೆ ಹೋಗಿ ನೆಮ್ಮದಿಯಿಂದ ಮಲಗಿದೆವು. ಅವನ ಪ್ರತಿಜ್ಞೆಯು ಹನ್ನೊಂದು ದಿನ ನಿಂತಿತು. ಹನ್ನೆರಡನೆಯ ರಾತ್ರಿ ಬಿದ್ದನು. ಆಣೆ ಮುರಿದವನಿಗೆ ಇನ್ನೇನು ಉಳಿಯಿತೆಂದು ಕೋಳಿ ಕೂಗುವ ತನಕ ನೋಡಿದನು. ಅಂದಿನಿಂದ ನಾಲ್ಕು ತಿಂಗಳು ಅವನು ಕೂಟಕ್ಕೆ ಬರಲಿಲ್ಲ. ದಾರಿಯಲ್ಲಿ ನಮ್ಮನ್ನು ಕಂಡರೆ ಬೇರೆ ಓಣಿಗೆ ತಿರುಗುತ್ತಿದ್ದನು. ನಿಶ್ಚಯವಾಗಿದ್ದ ಮದುವೆಯನ್ನು ಮಗನು ಕಾರಣ ಹೇಳದೆ ಮುಂದೆ ಹಾಕುತ್ತಾನೆಂದು ಅವನ ತಾಯಿಯು ಬಂದು ಅತ್ತಾಗಲೇ ನಮ್ಮ ಕಣ್ಣು ತೆರೆಯಿತು. ಅವನು ದಾರಿಯನ್ನು ಕೇಳಲು ಬಂದಿದ್ದನು. ನಾವು ದಾರಿ ತೋರಿಸದೆ ಅವನ ಹೆಗಲಿಗೆ ಮತ್ತೊಂದು ಭಾರ ಹೇರಿ ಕಳುಹಿಸಿದ್ದೆವು.

ಮೊದಲು ಈ ಚಟದ ಕೇಡು ಎಲ್ಲಿದೆ ಎಂಬದನ್ನು ಸರಿಯಾಗಿ ತಿಳಿಯತಕ್ಕದ್ದು. ದೇಹದಲ್ಲಿ ಕಾಮನೆಯು ಹುಟ್ಟುವದು ಕೇಡಲ್ಲ. ಹಸಿವೆ ಬಾಯಾರಿಕೆಗಳಂತೆ ಅದೂ ಮನುಷ್ಯನ ಸೃಷ್ಟಿಯಲ್ಲಿಯೇ ಇದೆ. ಗೋಡೆಗಳ ಮೇಲೆ ಗುಪ್ತ ರೋಗದ ಜಾಹೀರಾತು ಬರೆದು, ಶಕ್ತಿಯು ಬತ್ತಿಹೋಗುವದೆಂದು ಹುಡುಗರನ್ನು ಹೆದರಿಸಿ ಹಣ ಕೀಳುವವರ ಮಾತನ್ನು ನಂಬಬಾರದು. ಕೇಡು ಬೇರೆ ಕಡೆಯಲ್ಲಿದೆ. ಆ ಚಿತ್ರದಲ್ಲಿರುವವಳು ಒಬ್ಬ ತಾಯಿಯ ಮಗಳು. ಅವಳು ತನ್ನ ಮನಸ್ಸಿನಿಂದ ಬಂದಳೋ, ಮೋಸಕ್ಕೆ ಸಿಕ್ಕಿದಳೋ, ಅವಳಿಗೆ ತಿಳಿಯದಂತೆ ಚಿತ್ರ ತೆಗೆದರೋ, ನೋಡುವವನಿಗೆ ಗೊತ್ತಿಲ್ಲ. ಗೊತ್ತುಮಾಡಿಕೊಳ್ಳುವ ಮನಸ್ಸೂ ಇಲ್ಲ. ಮನುಷ್ಯಳನ್ನು ವಸ್ತುವಾಗಿ ಕಾಣುವದು ಕಣ್ಣಿಗೆ ರಾತ್ರಿ ಅಭ್ಯಾಸವಾದರೆ, ಹಗಲಿನಲ್ಲಿ ಆ ಅಭ್ಯಾಸವು ಎಲ್ಲಿ ಹೋದೀತು? ಇದಲ್ಲದೆ ನಿದ್ರೆಯು ಕೆಡುತ್ತದೆ, ದುಡಿಮೆಯು ಕೆಡುತ್ತದೆ, ಪಕ್ಕದಲ್ಲಿ ಮಲಗಿದವಳ ನಂಬಿಕೆಯು ಅವಳಿಗೆ ತಿಳಿಯದೆಯೇ ಸವೆಯುತ್ತದೆ. ಒಂದನ್ನು ಮುಚ್ಚಲಿಕ್ಕೆ ಹತ್ತು ಸುಳ್ಳು ಬೇಕಾಗುತ್ತವೆ.

ಕಾಯಿದೆಯನ್ನೂ ತಿಳಿದಿರಬೇಕು. 2000ನೆಯ ಇಸವಿಯ ಮಾಹಿತಿ ತಂತ್ರಜ್ಞಾನ ಕಾಯಿದೆಯ 67 ಮತ್ತು 67ಎ ಕಲಮುಗಳ ಪ್ರಕಾರ ಇಂಥ ಚಿತ್ರಗಳನ್ನು ಪ್ರಕಟಿಸುವದೂ ಇತರರಿಗೆ ಕಳುಹಿಸುವದೂ ಅಪರಾಧ. ತಮಾಷೆಗೆಂದು ವಾಟ್ಸಾಪ್ ಗುಂಪಿಗೆ ದಾಟಿಸಿದವನೂ ತಪ್ಪಿಸಿಕೊಳ್ಳಲಾರನು. ಚಿತ್ರವು ಮಕ್ಕಳದ್ದಾದರೆ ಅದನ್ನು ಹುಡುಕಿ ನೋಡುವದೂ ಅಳಿಸದೆ ಇಟ್ಟುಕೊಳ್ಳುವದೂ ಶಿಕ್ಷೆಗೆ ಗುರಿಮಾಡುತ್ತದೆಂದು ಸುಪ್ರೀಮ್ ಕೋರ್ಟು 2024ರ ಸೆಪ್ಟೆಂಬರ್ 23ರ ತೀರ್ಪಿನಲ್ಲಿ ಸ್ಪಷ್ಟಪಡಿಸಿತು.

ಆದರೆ ಕಾಯಿದೆಯಿಂದಲೇ ಚಟವು ಹೋಗುವದೋ? ಕೇಂದ್ರ ಸರಕಾರವು 2015ರಲ್ಲಿ 857 ಜಾಲತಾಣಗಳನ್ನು ಮುಚ್ಚಲು ಆಜ್ಞೆ ಮಾಡಿ, ಕೆಲವೇ ದಿನಗಳಲ್ಲಿ ಅದನ್ನು ಸಡಿಲಿಸಿತು. 2018ರಲ್ಲಿ ಉತ್ತರಾಖಂಡದ ಹೈಕೋರ್ಟಿನ ಆಜ್ಞೆಯ ತರುವಾಯ 827 ಜಾಲತಾಣಗಳನ್ನು ಮುಚ್ಚಲು ಹೇಳಿತು. ಒಂದು ಬಾಗಿಲು ಮುಚ್ಚಿದರೆ ಜನರು ಇನ್ನೊಂದನ್ನು ಕಂಡುಕೊಂಡರು. ಬೇಲಿಯು ವ್ಯರ್ಥವೆಂದು ನಾವು ಹೇಳುವದಿಲ್ಲ. ಪರರು ಕಟ್ಟಿದ ಬೇಲಿಯು ಸಾಲದು, ತನ್ನ ಹೊಲದ ಬೇಲಿಯನ್ನು ತಾನೇ ಕಟ್ಟಬೇಕೆಂದು ಹೇಳುತ್ತೇವೆ.

ಚಟವೆಂದರೇನು? ಮಳೆಗಾಲದಲ್ಲಿ ನಮ್ಮ ಎರೆ ಹೊಲದ ದಾರಿಯನ್ನು ನೋಡಿರಿ. ಮೊದಲನೆಯ ಚಕ್ಕಡಿಯು ಹಸಿ ಮಣ್ಣಿನಲ್ಲಿ ಒಂದು ಗೆರೆ ಎಳೆಯುತ್ತದೆ. ಎರಡನೆಯದು ಆ ಗೆರೆಯಲ್ಲಿಯೇ ಹೋಗುತ್ತದೆ. ತಿಂಗಳಾಗುವಷ್ಟರಲ್ಲಿ ಜಾಡು ಮೊಣಕಾಲುದ್ದ ಇಳಿದಿರುತ್ತದೆ. ಆ ಮೇಲೆ ಹೊಡೆಯುವವನು ಎತ್ತುಗಳನ್ನು ಎತ್ತ ಎಳೆದರೂ ಗಾಲಿಯು ಜಾಡಿಗೇ ಬೀಳುತ್ತದೆ. ಅವನು ದುಷ್ಟನೆಂದು ಗಾಲಿಯು ಅಲ್ಲಿ ಬಿದ್ದದ್ದಲ್ಲ. ಜಾಡು ಆಳವಾಗಿದೆ ಎಂದು ಬಿತ್ತು. ಆದರೆ ಜಾಡು ಬೀಳುವ ಮುಂಚೆ ಚಕ್ಕಡಿಯನ್ನು ಬೇರೆ ದಾರಿಗೆ ತಿರುಗಿಸುವದು ಅವನ ಕೈಯಲ್ಲಿತ್ತು, ಮತ್ತು ನಾಳೆಯೂ ಇರುವದು. ಮನುಷ್ಯನ ಹೊಣೆಯು ಇರುವದು ಇಲ್ಲಿಯೇ. ರಾತ್ರಿ ಹನ್ನೊಂದು ಗಂಟೆಗೆ, ಕತ್ತಲಲ್ಲಿ, ಫೋನು ಕೈಯಲ್ಲಿರುವಾಗ, ನೋಡಲೋ ಬೇಡವೋ ಎಂದು ಹೋರಾಡುವವನು ಹೆಚ್ಚಾಗಿ ಸೋಲುತ್ತಾನೆ. ಅದೇ ಮನುಷ್ಯನು ಒಂಬತ್ತು ಗಂಟೆಗೆ, ಊಟವಾಗಿ, ಮನಸ್ಸು ತಿಳಿಯಾಗಿರುವಾಗ ಫೋನನ್ನು ದೂರ ಇಡಬಲ್ಲನು. ಹನ್ನೊಂದು ಗಂಟೆಯ ಸೋಲಿಗೆ ಅಳುವದಕ್ಕಿಂತ ಒಂಬತ್ತು ಗಂಟೆಯ ಉದಾಸೀನತೆಗೆ ನಾಚುವದು ಹೆಚ್ಚು ಪ್ರಯೋಜನಕರ.

ಇದಕ್ಕೆ ಕೆಲವರು, "ಫೋನು ಹತ್ತಿರ ಇಲ್ಲದ್ದರಿಂದ ನೋಡದವನು ಯಾವ ದೊಡ್ಡ ಸಾಧು? ಮುಂದೆ ಇದ್ದರೂ ನೋಡದವನೇ ಗಟ್ಟಿಗನು" ಎನ್ನುತ್ತಾರೆ. ನಾವೂ ಹಿಂದೆ ಹಾಗೆಯೇ ಎಣಿಸಿದ್ದೆವು. ಆದರೆ ಎತ್ತನ್ನು ಸಂಜೆಗೇ ಗೂಟಕ್ಕೆ ಕಟ್ಟುವ ಒಕ್ಕಲಿಗನೂ, ಕಟ್ಟದೆ ಬಿಟ್ಟು ನಡುರಾತ್ರಿ ನೆರೆಯವನ ಜೋಳದಲ್ಲಿ ಅದರ ಬಾಲ ಹಿಡಿದು ಓಡುವವನೂ, ಇವರಲ್ಲಿ ಎತ್ತಿನ ನಿಜವಾದ ಯಜಮಾನನು ಯಾರು? ಓಡುವವನ ಬೆವರು ಹೆಚ್ಚು. ಆದರೆ ಕಟ್ಟಿದವನ ಬುದ್ಧಿಯೇ ಹೆಚ್ಚು. ತನ್ನ ಬಲಹೀನತೆಯನ್ನು ಅರಿತು ಅದಕ್ಕೆ ತಕ್ಕಂತೆ ನಡೆಯುವದು ದೀನತೆ. ತಾನು ಏನನ್ನಾದರೂ ತಡೆಯಬಲ್ಲೆನೆಂದು ಹಗ್ಗವನ್ನು ಬಿಸಾಡುವದು ಗರ್ವ. ಆದದರಿಂದ ಸಾಧಾರಣ ಉಪಾಯಗಳನ್ನು ಬಳಸುವವನು ಸದ್ಗುಣಕ್ಕೆ ಕಡಿಮೆಯವನಲ್ಲ. ಅವನ ಸದ್ಗುಣವು ಎರಡು ತಾಸು ಮುಂಚೆಯೇ ಎದ್ದು ಕೆಲಸ ಮಾಡಿದೆ, ಅಷ್ಟೇ. ಪ್ರಾರ್ಥಿಸುವವನು ಬಾಗಿಲಿಗೆ ಅಗಳಿ ಹಾಕಬಾರದೆಂದು ಯಾರು ಹೇಳಿದರು?

ತಾಯಿಯ ಮಾತು ಕೇಳಿದ ಮೇಲೆ ನಾವು ಆ ಯುವಕನ ಹೊಲಕ್ಕೆ ಹೋದೆವು, ಮತ್ತು ಮೊದಲು ನಮ್ಮ ತಪ್ಪನ್ನು ಒಪ್ಪಿಕೊಂಡೆವು. ಆ ಮೇಲೆ ಇಬ್ಬರೂ ಕೂಡಿ ಮಾಡಿದ್ದನ್ನು ಇಲ್ಲಿ ಕ್ರಮವಾಗಿ ಹೇಳುತ್ತೇವೆ.

ಮೊದಲನೆಯದು, ಲೆಕ್ಕ. ಏಳು ದಿನ ಏನನ್ನೂ ಬಿಡಲು ಪ್ರಯತ್ನಿಸದೆ, ಯಾವಾಗ, ಎಲ್ಲಿ, ಅದಕ್ಕೆ ಮುಂಚೆ ಏನಾಗಿತ್ತು ಎಂಬದನ್ನು ಮಾತ್ರ ಬರೆ ಎಂದೆವು. ಅವನು ದಲಾಲಿ ಅಂಗಡಿಯ ಪಟ್ಟಿಯ ಹಿಂಬದಿಯಲ್ಲಿ ಬರೆದು ತಂದನು. ಐದು ಸಾರಿ ಆಗಿತ್ತು. ಮೂರು ಸಾರಿ ಹಾಸಿಗೆಯ ಮೇಲೆ, ರಾತ್ರಿ ಹತ್ತೂವರೆಯ ತರುವಾಯ. ಒಂದು ಸಾರಿ ಪೇಟೆಯ ಹಿಂದಿನ ರಾತ್ರಿ ಬ್ಯಾಡಗಿಯಲ್ಲಿ ಚೀಲಗಳ ಕಾವಲಿಗೆ ಮಲಗಿದ್ದಾಗ. ಒಂದು ಸಾರಿ ಸಾಲದ ವಿಷಯವಾಗಿ ಅಣ್ಣನ ಸಂಗಡ ಜಗಳವಾದ ಮಧ್ಯಾಹ್ನ. ಪಟ್ಟಿಯನ್ನು ನೋಡುತ್ತಾ ಅವನು, "ಅಯ್ಯನವರೇ, ಹೊಲದಲ್ಲಿ ದುಡಿಯುವಾಗ ಒಂದು ಸಾರಿಯೂ ಇಲ್ಲ" ಎಂದನು. ಅವನಿಗೆ ಅದು ದೊಡ್ಡ ಸಮಾಧಾನವಾಯಿತು. ದಿನದ ಇಪ್ಪತ್ತನಾಲ್ಕು ತಾಸೂ ತಾನು ಕೆಟ್ಟವನೆಂದು ಎಣಿಸಿದ್ದವನು, ತಾನು ಒಂದೆರಡು ತಾಸುಗಳಲ್ಲಿ ಮಾತ್ರ ಸೋಲುವವನೆಂದು ತಿಳಿದನು. ಇಡೀ ಮನುಷ್ಯನನ್ನು ತಿದ್ದುವದು ಕಷ್ಟ. ಒಂದು ತಾಸನ್ನು ತಿದ್ದಬಹುದು.

ಎರಡನೆಯದು, ದೂರ. ರಾತ್ರಿ ಫೋನು ಹಾಸಿಗೆಯ ಹತ್ತಿರ ಇರಬಾರದು. ಅಡಿಗೆಮನೆಯ ಗೂಡಿನಲ್ಲಿ ಚಾರ್ಜಿಗೆ ಇಡಬೇಕು. ಏಳುವದಕ್ಕೆ ಅಲಾರಮ್ ಬೇಕೆಂಬ ನೆವಕ್ಕೆ ಒಂದು ಅಗ್ಗದ ಗಡಿಯಾರವನ್ನು ಕೊಂಡೆವು. ಪೇಟೆಗೆ ಹೋಗುವ ರಾತ್ರಿಗಳಲ್ಲಿ ಮನೆಯಲ್ಲಿದ್ದ ಹಳೆಯ ಗುಂಡಿ ಒತ್ತುವ ಫೋನನ್ನು ಒಯ್ಯತಕ್ಕದ್ದೆಂದು ಗೊತ್ತುಮಾಡಿದೆವು. ಕೈಗೆ ಸುಲಭವಾದದ್ದನ್ನು ಮನಸ್ಸು ಬೇಗ ಬಯಸುತ್ತದೆ. ಹತ್ತು ಹೆಜ್ಜೆ ದೂರವಾದರೆ ಆ ಹತ್ತು ಹೆಜ್ಜೆಗಳಲ್ಲಿ ಬುದ್ಧಿಯು ಬಂದು ಸೇರಿಕೊಳ್ಳುತ್ತದೆ.

ಮೂರನೆಯದು, ಬದಲು. ಕಳೆ ಕಿತ್ತ ಹೊಲವನ್ನು ಬಿತ್ತದೆ ಬಿಟ್ಟರೆ ಕರಿಕೆಯು ಮೊದಲಿಗಿಂತ ದಟ್ಟವಾಗಿ ಬರುತ್ತದೆ. 1973ರಲ್ಲಿ ಅಜ್ರಿನ್ ಮತ್ತು ನನ್ ಎಂಬ ಅಮೇರಿಕದ ವಿದ್ವಾಂಸರು ಉಗುರು ಕಚ್ಚುವದೇ ಮೊದಲಾದ ಚಟಗಳನ್ನು ಬಿಡಿಸಲು, ಕೈಗೆ ಆ ಚಟಕ್ಕೆ ಎದುರಾದ ಬೇರೊಂದು ಕೆಲಸವನ್ನು ಕಲಿಸುವ ಕ್ರಮವನ್ನು ಪ್ರಕಟಿಸಿದರು. ಗೊಲ್‌ವಿಟ್ಸರ್ ಎಂಬ ಮನಶ್ಶಾಸ್ತ್ರಜ್ಞನು, "ಒಳ್ಳೆಯವನಾಗುವೆನು" ಎಂಬಂಥ ಬರೀ ಉದ್ದೇಶಕ್ಕಿಂತ "ಇಂಥದ್ದಾದರೆ ಇಂಥದ್ದನ್ನು ಮಾಡುವೆನು" ಎಂಬ ಖಚಿತವಾದ ನಿಶ್ಚಯವು ಹೆಚ್ಚು ಫಲಿಸುತ್ತದೆಂದು 1999ರಲ್ಲಿ ತೋರಿಸಿದನು. ನಮ್ಮ ಯುವಕನ ನಿಶ್ಚಯಗಳು ಎರಡು: ಊಟದ ತಟ್ಟೆ ತೊಳೆದೊಡನೆ ಫೋನನ್ನು ಗೂಡಿನಲ್ಲಿಡುವೆನು, ಮನಸ್ಸು ಎಳೆದರೆ ಎದ್ದು ಹಿತ್ತಲಿಗೆ ಹೋಗಿ ಮುಖ ತೊಳೆದು ದನಗಳಿಗೆ ಮೇವು ಹಾಕುವೆನು. ಇದನ್ನು ಓದಿ ನಗಬೇಡಿರಿ. ಮೇವಿನ ಸಿವುಡನ್ನು ಬಿಚ್ಚುವ ಕೈಗೆ ಬೇರೆ ಕೆಲಸವಿಲ್ಲ.

ನಾಲ್ಕನೆಯದು, ಯೋಚನೆಯ ಸಂಗಡ ಕುಸ್ತಿ ಹಿಡಿಯದಿರುವದು. ಔಷಧ ಕುಡಿಯುವಾಗ ಮಂಗನನ್ನು ನೆನೆಯಬೇಡವೆಂದು ವೈದ್ಯನು ಹೇಳಿದ್ದರಿಂದ ರೋಗಿಗೆ ಮಂಗನ ಹೊರತು ಬೇರೇನೂ ನೆನಪಾಗಲಿಲ್ಲವೆಂಬ ಕಥೆಯನ್ನು ನಮ್ಮ ಅಜ್ಜಂದಿರು ಹೇಳುತ್ತಿದ್ದರು. 1987ರಲ್ಲಿ ವೆಗ್ನರ್ ಎಂಬ ಪಂಡಿತನು ಬಿಳಿ ಕರಡಿಯನ್ನು ನೆನೆಯಬಾರದೆಂದು ವಿದ್ಯಾರ್ಥಿಗಳಿಗೆ ಹೇಳಿ ಪರೀಕ್ಷಿಸಿ ಇದನ್ನೇ ಕಂಡನು. ಹೊಲಸು ಯೋಚನೆಯು ಬಂದಾಗ "ಬಂತು" ಎಂದು ಗುರುತಿಸಿ, ಕಾಲಿಗೂ ಕೈಗೂ ಕೆಲಸ ಕೊಡಬೇಕು. ಬಯಕೆಯು ಹಳ್ಳದ ನೆರೆಯಂತೆ ಏರುತ್ತದೆ. ದಡದಲ್ಲಿ ನಿಂತು ಕಾದವನ ಮುಂದೆ ಅದು ಇಳಿದೂ ಹೋಗುತ್ತದೆ.

ಐದನೆಯದು, ಒಬ್ಬ ಜೊತೆಗಾರ. 2011ರಲ್ಲಿ ಭೌಗೋಳಿಕ ಗುರುತನ್ನು ಪಡೆದ ನಮ್ಮ ಬ್ಯಾಡಗಿ ಮೆಣಸಿನಕಾಯಿಯು ಬಣ್ಣಕ್ಕೆ ಹೆಸರಾದದ್ದು; ಆದರೆ ಹಸಿಯಾಗಿಯೇ ಚೀಲದಲ್ಲಿ ತುಂಬಿದರೆ ಹೊರಗೆ ಕೆಂಪಾಗಿ ಕಂಡರೂ ಒಳಗೆ ಬೂಷ್ಟು ಹಿಡಿಯುತ್ತದೆ. ಬಿಸಿಲಿಗೆ ಹರವಿದರೆ ಉಳಿಯುತ್ತದೆ. ಚಟವೂ ಮುಚ್ಚಿದಷ್ಟು ಬೆಳೆಯುತ್ತದೆ. ಆದರೆ ಊರಿಗೆಲ್ಲಾ ಸಾರುವದೂ ಬೇಡ, ಕೂಟದಲ್ಲಿ ನಿಲ್ಲಿಸಿ ಹೇಳಿಸುವದಂತೂ ಕೂಡದು. ಬಾಯಿ ಬಿಗಿಹಿಡಿಯುವ ಒಬ್ಬನಿಗೆ, ವಾರಕ್ಕೊಮ್ಮೆ, ಲೆಕ್ಕದ ಚೀಟಿಯನ್ನು ತೋರಿಸಿದರೆ ಸಾಕು. ಸ್ತ್ರೀಯರಲ್ಲಿಯೂ ಈ ಬಾಧೆಯುಂಟು. ಅವರಿಗೆ ನಂಬಿಗಸ್ತಳಾದ ಅಕ್ಕನೊಬ್ಬಳು ಬೇಕು.

ಇನ್ನು ಬೀಳುವದರ ವಿಷಯ. ಅಮೇರಿಕದ ತತ್ವಜ್ಞಾನಿ ವಿಲಿಯಂ ಜೇಮ್ಸ್ ತನ್ನ 1890ರ ಮನಶ್ಶಾಸ್ತ್ರದ ಗ್ರಂಥದಲ್ಲಿ, ಹೊಸ ಅಭ್ಯಾಸವು ಬೇರೂರುವ ತನಕ ಒಂದು ಸಾರಿಯೂ ತಪ್ಪಬಾರದೆಂದು ಕಲಿಸಿದನು. ಆ ಮಾತು ಎಷ್ಟೋ ಮಂದಿಯನ್ನು ನಮ್ಮ ಆಣೆಯಂತೆಯೇ ಹೆದರಿಸಿರಬೇಕು. ಆದರೆ 2010ರಲ್ಲಿ ಪ್ರಕಟವಾದ ಲಂಡನ್ನಿನ ಒಂದು ಶೋಧನೆಯಲ್ಲಿ, ದಿನಾಲು ನೀರು ಕುಡಿಯುವದು, ನಡೆಯುವದು ಮುಂತಾದ ಒಳ್ಳೆಯ ಅಭ್ಯಾಸಗಳನ್ನು 96 ಮಂದಿ ಕೈಗೊಂಡಾಗ, ಅಭ್ಯಾಸವು ನೆಲೆಯಾಗಲು ನಡುವಣ ಲೆಕ್ಕದಲ್ಲಿ 66 ದಿನಗಳು ಹಿಡಿದವು. ಆದರೆ ಒಬ್ಬೊಬ್ಬರಿಗೆ 18ರಿಂದ 254 ದಿನಗಳ ವರೆಗೆ ಭೇದವಿತ್ತು. ಒಂದು ದಿನ ತಪ್ಪಿದ್ದರಿಂದ ಹೇಳುವಂಥ ಹಾನಿಯಾಗಲಿಲ್ಲವೆಂದೂ ಕಂಡುಬಂತು. ಚಟ ಬಿಡುವದು ಇದಕ್ಕಿಂತ ಕಷ್ಟವಾಗಿರಬಹುದು. ಆದರೂ ಪಾಠವು ಒಂದೇ. ಹನ್ನೆರಡನೆಯ ರಾತ್ರಿಯ ಒಂದು ಸೋಲು ನಮ್ಮ ಯುವಕನನ್ನು ಕೆಡಿಸಲಿಲ್ಲ. "ಇನ್ನೇನು ಉಳಿಯಿತು" ಎಂಬ ನಿರಾಶೆಯು ಕೆಡಿಸಿತು. ಒಂದು ಮಡಕೆ ಒಡೆದರೆ ಉಳಿದ ಮಡಕೆಗಳನ್ನೂ ಒಡೆಯುವವನುಂಟೋ? ಬಿದ್ದವನು ಎದ್ದು, ಯಾವ ಬಾಗಿಲು ತೆರೆದಿತ್ತೆಂದು ನೋಡಿ, ಅದನ್ನು ಮುಚ್ಚಬೇಕು.

ಇಷ್ಟು ಸಣ್ಣ ನಿಯಮಗಳಿಂದ ಇಷ್ಟು ದೊಡ್ಡ ಕಾರ್ಯವಾಗುವದೋ ಎಂದು ಸಂದೇಹಪಡುವವರಿಗೆ ನೆರೆಯಲ್ಲಿಯೇ ಸಾಕ್ಷಿಯುಂಟು. ಬ್ಯಾಡಗಿ ತಾಲೂಕಿನ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪನವರು 1930ರಲ್ಲಿ, ಇನ್ನೂ ಹರೆಯದಲ್ಲಿ, ಗಾಂಧೀಜಿಯವರ ದಂಡಿ ಯಾತ್ರೆಯಲ್ಲಿ ನಡೆದರು. ಮಾರ್ಚ್ 12ರಿಂದ ಏಪ್ರಿಲ್ 5ರ ವರೆಗೆ ಸುಮಾರು 240 ಮೈಲುಗಳ ದಾರಿ. ಆ ಯಾತ್ರಿಕರಿಗೆ ದಿನಾಲು ಪ್ರಾರ್ಥನೆ, ನೂಲುವದು, ದಿನಚರಿ ಬರೆಯುವದು ಇವು ನೇಮವಾಗಿದ್ದವು. ಒಂದು ಸಾಮ್ರಾಜ್ಯವನ್ನು ಅಲುಗಾಡಿಸಿದ ಸಂಕಲ್ಪವೂ ದಿನದಿನದ ಚಿಕ್ಕ ನೇಮಗಳ ಕಾಲಿನ ಮೇಲೆಯೇ ನಡೆಯಿತು.

ಸ್ವಂತ ಪ್ರಯತ್ನವು ಸಾಲದವರೂ ಇದ್ದಾರೆ. ಜಗತ್ತಿನ ಆರೋಗ್ಯ ಸಂಸ್ಥೆಯು 2022ರಿಂದ ಜಾರಿಯಲ್ಲಿರುವ ತನ್ನ ರೋಗಗಳ ಪಟ್ಟಿಯಲ್ಲಿ, ಕಾಮವಿಷಯದ ನಡತೆಯು ಮನುಷ್ಯನ ಹತೋಟಿಗೆ ಬಾರದೆ ದೀರ್ಘಕಾಲ ಬದುಕನ್ನು ಕೆಡಿಸುವ ಸ್ಥಿತಿಯನ್ನು ಸೇರಿಸಿದೆ. ಆದರೆ ತಾನು ಮಾಡಿದ್ದು ತಪ್ಪೆಂಬ ನೋವು ಒಂದೇ ಇದ್ದರೆ ಅದನ್ನು ರೋಗವೆನ್ನಬಾರದೆಂದೂ ಹೇಳಿದೆ. ಈ ಭೇದವನ್ನು ನಮ್ಮ ಜನರು ತಿಳಿಯತಕ್ಕದ್ದು, ನಾಚಿಕೆಪಡುವವರೆಲ್ಲರೂ ರೋಗಿಗಳಲ್ಲ. ಆದರೂ ಹತೋಟಿ ತಪ್ಪಿದೆ, ಬದುಕೇ ಬೇಡವೆನಿಸುತ್ತದೆ ಎನ್ನುವವರು ತಡಮಾಡದೆ 14416ಕ್ಕೆ ಫೋನು ಮಾಡಲಿ. 2022ರ ಅಕ್ಟೋಬರಿನಲ್ಲಿ ಆರಂಭವಾದ ಈ ಟೆಲಿಮಾನಸ್ ಸೇವೆಯಲ್ಲಿ ಕನ್ನಡದಲ್ಲಿಯೇ ಮಾತಾಡಬಹುದು, ಹಣ ಕೊಡಬೇಕಾಗಿಲ್ಲ. ಬೆಂಗಳೂರಿನ ನಿಮ್ಹಾನ್ಸಿನಲ್ಲಿ 2014ರಿಂದ ಮೊಬೈಲು ಇಂಟರ್ನೆಟ್ಟುಗಳ ಚಟಕ್ಕೆಂದೇ ಒಂದು ಚಿಕಿತ್ಸಾಲಯವಿದೆ.

ನಮ್ಮ ಯುವಕನ ಚೀಟಿಗಳು ನಮ್ಮಲ್ಲಿವೆ. ಮೊದಲನೆಯ ತಿಂಗಳು ನಾಲ್ಕು ಸಾರಿ, ಎರಡನೆಯದರಲ್ಲಿ ಎರಡು, ಮೂರನೆಯದರಲ್ಲಿ ಒಂದು, ನಾಲ್ಕನೆಯದರಲ್ಲಿ ಇಲ್ಲ, ಐದನೆಯದರಲ್ಲಿ ಮತ್ತೆ ಒಂದು. ಐದನೆಯ ತಿಂಗಳಿನ ಚೀಟಿಯನ್ನು ತಂದಾಗ ಅವನು ಅಳಲಿಲ್ಲ, "ಅಂದು ಗಡಿಯಾರ ಕೆಟ್ಟಿತ್ತು, ಫೋನು ಒಳಗೆ ತಂದಿದ್ದೆ, ಈಗ ಸರಿಮಾಡಿಸಿದೆ" ಎಂದನು. ಆ ಮಾತನ್ನು ಕೇಳಿ ನಾವು ಮನಸ್ಸಿನಲ್ಲಿ ಸ್ತೋತ್ರ ಮಾಡಿದೆವು. ಯಾಕಂದರೆ ಆಣೆ ಮುರಿದವನಾಗಿ ಓಡಿಹೋಗಿದ್ದವನು ಈಗ ತನ್ನ ಮನೆಯ ಬಾಗಿಲನ್ನು ದುರಸ್ತಿ ಮಾಡುವ ಯಜಮಾನನಾಗಿದ್ದನು. ಆ ಮೇಲೆ ಅವನ ಮದುವೆಯಾಯಿತು. ಈಗಲೂ ರಾತ್ರಿ ಅವನ ಫೋನು ಅಡಿಗೆಮನೆಯ ಗೂಡಿನಲ್ಲಿಯೇ ಇರುತ್ತದೆ. ಅವನ ಹೆಂಡತಿಯದೂ ಅದರ ಪಕ್ಕದಲ್ಲಿ.

ಹಿರಿಯರೇ, ನಿಮಗೆ ನಮ್ಮದೊಂದು ಬಿನ್ನಹ. ಚಾಪೆ ಸುತ್ತುವ ನೆವದಿಂದ ಹಿಂದೆ ನಿಲ್ಲುವ ಹುಡುಗನು ನಿಮ್ಮ ಊರಿನಲ್ಲಿಯೂ ಇರಬಹುದು. ಅವನು ಬಾಯಿ ತೆರೆದ ದಿನ ಗದರಿಸಬೇಡಿರಿ, ಆಣೆ ಕೇಳಬೇಡಿರಿ; "ಯಾವ ತಾಸಿನಲ್ಲಿ, ತಮ್ಮಾ?" ಎಂದು ಮಾತ್ರ ಕೇಳಿರಿ. ಹುಡುಗರೇ, ಈ ಹೊತ್ತು ರಾತ್ರಿ ದೊಡ್ಡ ಪ್ರತಿಜ್ಞೆಯೇನೂ ಬೇಡ. ಊಟವಾದ ಮೇಲೆ ಫೋನನ್ನು ಗೂಡಿನಲ್ಲಿಟ್ಟು ಮಲಗಿರಿ.